ಲಾಳ ಹೊಡೆಯೋ ಸಾಬರು

ಗುಬ್ಬಿ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಪಹಣಿ, ಅರ್ಜಿ, ಲಗ್ನಪತ್ರಿಕೆ, ತಿಥಿ ಕಾರ್ಡು ಎಲ್ಲ ಒಂದೇ ಪ್ರಿಂಟರಿನಲ್ಲಿ ಹೊರಡುತ್ತವೆ. ಕೋಪ ನನಗೆ ಮೂಗಿನ ತುದಿಯಲ್ಲೇ. ‘ಮಂಜುಶ್ರೀ ಅಂಗಡೀಲಿ ಕೆಲ್ಸಕ್ಕೆ ದುಡ್ಡು, ಬೈಗುಳ ಫ್ರೀ’ ಅಂತ ಊರವರು ಆಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿದೆ. ಆಡಿಕೊಳ್ಳಲಿ. ಆದರೆ ದಸ್ತಗೀರ್ ಸಾಬರ ವಿಷಯದಲ್ಲಿ ಬಂದ ಕೋಪ ಇನ್ನೂ ಇಳಿದಿಲ್ಲ. ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯದೆ ಇದನ್ನು ಬರೆಯುತ್ತಿದ್ದೇನೆ.

ಸಾಬರು ಎತ್ತಿಗೆ ಲಾಳ ಹೊಡೆಯುವವರು. ಅರವತ್ತು ದಾಟಿದ ಒಣಕಲು ಮೈ, ಮೆಹಂದಿ ಹಚ್ಚಿದ ಗಡ್ಡ, ಹಿಂದೆ ಸಾಮಾನಿನ ಚೀಲ ಬಿಗಿದ ಹಳೇ ಮೊಪೆಡ್ಡು. ಟಾರು ರಸ್ತೆಯಲ್ಲಿ ಗಾಡಿ ಎಳೆಯುವ ಎತ್ತಿಗೆ ಲಾಳ ಇಲ್ಲದಿದ್ದರೆ ಗೊರಸು ಸವೆದು ಕುಂಟುತ್ತದೆ. ಹಾಗಂತ ಯಾವ ಎತ್ತೂ ನಿಂತುಕೊಂಡು ‘ಹೊಡಿಯಪ್ಪ’ ಅಂತ ಕಾಲು ಕೊಡುವುದಿಲ್ಲ. ಹಗ್ಗ ಹಾಕಿ ಮೆಲ್ಲಗೆ ಕೆಡವಬೇಕು, ನಾಲ್ಕೂ ಕಾಲು ಸೇರಿಸಿ ಬಿಗಿಯಾಗಿ ಕಟ್ಟಬೇಕು, ಗೊರಸು ಹೆರೆದು ಲಾಳ ಇಟ್ಟು ಮೊಳೆ ಹೊಡೆಯಬೇಕು. ಬಿಗಿದಷ್ಟೂ ಎತ್ತಿಗೇ ಕ್ಷೇಮ. ಸಡಿಲ ಬಿಟ್ಟರೆ ಅದು ಒದೆಯುತ್ತದೆ, ಮೊಳೆ ಗೊರಸು ದಾಟಿ ಒಳಗಿನ ಮಾಂಸಕ್ಕೆ ಇಳಿಯುತ್ತದೆ. ಸಾಬರ ಕೈಯಲ್ಲಿ ಒಂದು ಎತ್ತಿಗೂ ಹಾಗಾಗಿರಲಿಲ್ಲ. ಕೆಲಸ ಮುಗಿಯುವ ತನಕ ಅವರು ಎತ್ತಿನ ಜೊತೆ ಮಾತಾಡುತ್ತಲೇ ಇರುತ್ತಿದ್ದರು. ‘ಆಯ್ತು ಕಣಪ್ಪ, ಆಯ್ತು, ಇನ್ನೊಂದೇ ಮೊಳೆ.’ ಮನೆಯಲ್ಲಿ ಉರ್ದು ಆಡುವವರು ಎತ್ತಿಗೆ ಮಾತ್ರ ಯಾಕೆ ಕನ್ನಡ ಅಂತ ಒಮ್ಮೆ ಕೇಳಿದ್ದೆ. “ಅದು ಗೌಡ್ರ ಮನೆ ಎತ್ತು ಕಣಮ್ಮ, ಅದಕ್ಕೆಲ್ಲಿ ಉರ್ದು ಬರ್ತದೆ?” ಅಂದಿದ್ದರು.

ಟ್ರ್ಯಾಕ್ಟರು ಬಂದ ಮೇಲೆ ಈ ಕಸುಬು ಮುಗಿದಂತೆಯೇ ಆಗಿತ್ತು. ಊರಿಗೆ ಒಂದೋ ಎರಡೋ ಜೊತೆ ಎತ್ತು ಉಳಿದವು. ಅಲ್ಲೊಂದು ಇಲ್ಲೊಂದು ಜೊತೆಗಾಗಿ ಬೆಳ್ಳಾವಿಗೂ ಕುಣಿಗಲ್ಲಿಗೂ ಅಲೆದರೆ ರೈತರು ಕೊಡುವ ಕಾಸು ಪೆಟ್ರೋಲಿಗೇ ಸಾಲುತ್ತಿರಲಿಲ್ಲ. ತುಮಕೂರಿನ ಪಕ್ಕದ ಸತ್ಯಮಂಗಲದ ಫ್ಯಾಕ್ಟರಿಯೊಂದರಲ್ಲಿ ವಾಚ್‌ಮನ್ ಕೆಲಸ ಇದೆ, ಸೇರಿಕೊಳ್ಳಿ ಅಂತ ನೆಂಟರು ಹೇಳಿದ್ದರು. ಸಾಬರು ಒಪ್ಪಿಯೂ ಇದ್ದರು. ಆಗ ತಡೆದವಳು ಅವರ ಕಿರಿಮಗಳು ತಹಸೀನ್.

ತಹಸೀನ್ ತುಮಕೂರಿನಲ್ಲಿ ಡಿಗ್ರಿ ಮುಗಿಸಿ ಮನೆಯಲ್ಲಿದ್ದ ಹುಡುಗಿ. ಅಪ್ಪನ ಹಿಂದೆ ಮೊಪೆಡ್ಡಿನಲ್ಲಿ ಕೂತು ಹೋಗಿ, ಫೋನಿನಲ್ಲಿ ವಿಡಿಯೋ ತೆಗೆದು ‘ಲಾಳ ಹೊಡೆಯೋ ಸಾಬರು’ ಅಂತ ಚಾನೆಲ್ ಮಾಡಿದಳು. ಗೊರಸಿನ ಮಣ್ಣು ಕೆರೆಯುವುದನ್ನು ಯಾರು ನೋಡುತ್ತಾರೆ ಅಂತ ನಾನೇ ನಕ್ಕಿದ್ದೆ. ನೋಡಿದರು! ಕುಣಿಗಲ್ ಕೆರೆ ಏರಿಯ ಕೆಳಗೆ ಒಂದು ಕರಿ ಎತ್ತಿಗೆ ಲಾಳ ಹೊಡೆದ ವಿಡಿಯೋವನ್ನು ಲಕ್ಷಗಟ್ಟಲೆ ಜನ ನೋಡಿದರು. ಜಾಹೀರಾತಿನ ಪಾಲು ಅಂತ ತಿಂಗಳು ತಿಂಗಳು ಅವಳ ಖಾತೆಗೆ ದುಡ್ಡು ಬರತೊಡಗಿತು. ಮಹಾ ಸಂಪತ್ತೇನಲ್ಲ. ಮೊಪೆಡ್ಡಿಗೆ ಪೆಟ್ರೋಲು, ಮನೆಗೆ ರೇಷನ್ನು, ಅಷ್ಟೆ. ಆದರೆ ಅಷ್ಟರಿಂದಲೇ ಸಾಬರು ವಾಚ್‌ಮನ್ ಆಗುವುದು ತಪ್ಪಿತು. ಎಲ್ಲಿ ಎತ್ತು ಕುಂಟುತ್ತದೆ ಅಂದರೂ ಹೊರಟುಬಿಡುತ್ತಿದ್ದರು, ಕೊಟ್ಟಷ್ಟು ಇಸ್ಕೊಳ್ಳುತ್ತಿದ್ದರು. ಆ ಎರಡು ವರ್ಷ ಅವರ ಮುಖ ನೋಡಬೇಕಿತ್ತು.

ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅಪ್ಪ ಮಗಳು ಇಬ್ಬರೂ ಅಂಗಡಿಗೆ ಬಂದರು. ವಿಡಿಯೋ ಕಂಪನಿಯಿಂದ ಇಂಗ್ಲಿಷಿನಲ್ಲಿ ಮೇಲ್ ಬಂದಿತ್ತು. ತಹಸೀನ್ ಆಗಲೇ ಓದಿಕೊಂಡಿದ್ದಳು, ಅಪ್ಪನಿಗೆ ಹೇಳಲು ಬಾಯಿ ಬಂದಿರಲಿಲ್ಲ. ನಾನು ಓದಿ ಹೇಳಿದೆ. ಚಾನೆಲ್ಲಿಗೆ ಇನ್ನು ಮೇಲೆ ದುಡ್ಡಿಲ್ಲ. ಕಾರಣ, ಪ್ರಾಣಿ ಹಿಂಸೆ.

“ಇನ್ನೊಂದ್ಸಲ ಓದಮ್ಮ” ಅಂದರು ಸಾಬರು.

ಓದಿದೆ.

“ಯಾರು ನೋಡಿ ಹಿಂಗೆ ಬರ್ದವ್ರೆ? ನನ್ನ ಹತ್ರ ಕಳ್ಸು, ಮಾತಾಡ್ತೀನಿ.”

“ಯಾರೂ ಇಲ್ಲ ಸಾಬ್ರೇ, ಮಿಷನ್ನೇ ನೋಡಿ ಮಿಷನ್ನೇ ಬರೀತದೆ.”

ಅವರು ಎರಡೂ ಅಂಗೈಯನ್ನು ತೊಡೆಯ ಮೇಲೆ ಇಟ್ಟು ನೋಡಿಕೊಂಡರು. ಹಿಂಸೆ ಅನ್ನುವ ಪದ ಅವರ ಮೈಗೆ ಎಲ್ಲೋ ತಾಗಿತ್ತು. ದುಡ್ಡಿನ ಮಾತನ್ನು ಆವತ್ತು ಅವರು ಎತ್ತಲೇ ಇಲ್ಲ. ನನಗೆ ಮೈಯೆಲ್ಲ ಉರಿಯಿತು. ಕಂಪನಿಗೆ ಫೋನ್ ಮಾಡೋಣ ಅಂದರೆ ನಂಬರಿಲ್ಲ, ಹೋಗಿ ಜಗಳ ಆಡೋಣ ಅಂದರೆ ಬಾಗಿಲಿಲ್ಲ. ತಾಲ್ಲೂಕು ಆಫೀಸಿನಲ್ಲಿ ಬೈಯುವುದಕ್ಕೆ ಕಡೇ ಪಕ್ಷ ಒಬ್ಬ ಗುಮಾಸ್ತನಾದರೂ ಇರುತ್ತಾನೆ.

ತುಮಕೂರಿನಲ್ಲಿ ಉದಯಕುಮಾರ್ ಅಂತ ಒಬ್ಬ ಇದ್ದಾನೆ. ಚಾನೆಲ್ ಮಾಡುವವರಿಗೆ ಪಾಠ ಹೇಳುವುದು, ಕೆಟ್ಟ ಚಾನೆಲ್ ರಿಪೇರಿ ಮಾಡಿಕೊಡುವುದು ಅವನ ದಂಧೆ. ಅವನ ಹತ್ತಿರ ಹೋದೆವು. ಅವನು ಸಾಬರ ವಿಡಿಯೋದ ಹೆಸರನ್ನು ಇಂಗ್ಲಿಷಿಗೆ ತಿರುಗಿಸಿ ತೋರಿಸಿದ. ‘ಎತ್ತು ಕೆಡವಿ ಲಾಳ ಹೊಡೆಯುವುದು’ ಅಂತ ತಹಸೀನ್ ಬರೆದಿದ್ದಳು. ಮಿಷನ್ನಿಗೆ ಅದು ‘ಎತ್ತನ್ನು ನೆಲಕ್ಕೆ ಬೀಳಿಸಿ ಬಡಿಯುವುದು’ ಅಂತ ಅರ್ಥವಾಗಿತ್ತು. ಒಂದಲ್ಲ, ಎಲ್ಲ ವಿಡಿಯೋದ ಹೆಸರಲ್ಲೂ ಹೊಡೆಯುವುದು, ಹೊಡೆಯುವುದು, ಹೊಡೆಯುವುದು.

“ಅಲ್ಲ ಸ್ವಾಮಿ, ನಾವು ಗಾಡಿ ಹೊಡೀತೀವಿ, ಮೊಳೆ ಹೊಡೀತೀವಿ, ಗಿಡಕ್ಕೆ ಔಷಧಿ ಹೊಡೀತೀವಿ, ನಾನು ದಿನಾ ಟೈಪ್ ಹೊಡೀತೀನಿ. ನಿದ್ದೆ ಕೂಡ ಹೊಡೀತೀವಿ. ಎಲ್ಲಾ ಹಿಂಸೆನಾ?” ಅಂದೆ.

“ನನ್ಗೆ ಗೊತ್ತಾಯ್ತದೆ ಮೇಡಂ, ಅದಕ್ಕೆ ಗೊತ್ತಾಗಬೇಕಲ್ಲ” ಅಂದ ಉದಯಕುಮಾರ್. ಅವನ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿರಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರ ಊರಿಗೆ ಅವನೊಬ್ಬ ದಾರಿ ತೋರಿಸುವವನು, ಅಷ್ಟೆ.

ತಹಸೀನ್ ಮನೆಗೆ ಬಂದು ಒಂದೊಂದೇ ವಿಡಿಯೋದ ಹೆಸರು ಬದಲಾಯಿಸಿದಳು. ‘ಹೊಡೆಯುವುದು’ ತೆಗೆದು ‘ತೊಡಿಸುವುದು’ ಅಂತ ಹಾಕಿದಳು. ‘ಕೆಡವಿ’ ತೆಗೆದು ‘ಮಲಗಿಸಿ’ ಅಂದಳು. ಎಷ್ಟು ಮೆತ್ತಗಿನ ಪದ! ಮಗುವನ್ನು ಮಲಗಿಸುವ ಹಾಗೆ. ಮರುಪರಿಶೀಲನೆ ಕೇಳಿದಳು. ಮತ್ತೆ ಅದೇ ಉತ್ತರ, ಈ ಸಲ ಇನ್ನೂ ಬಿರುಸಾಗಿ. ಉದಯಕುಮಾರ್ ಫೋನಿನಲ್ಲಿ ತಲೆ ಚಚ್ಚಿಕೊಂಡ. ಇಂಗ್ಲಿಷಿನಲ್ಲಿ ಪ್ರಾಣಿಯನ್ನು ಮಲಗಿಸುವುದು ಅಂದರೆ ಸೂಜಿ ಚುಚ್ಚಿ ಸಾಯಿಸುವುದು ಅಂತಲೂ ಅರ್ಥವಂತೆ. ನಮ್ಮ ಹುಡುಗಿ ತನ್ನ ಕೈಯಾರೆ ಅಷ್ಟೂ ಎತ್ತುಗಳನ್ನು ಕೊಂದುಬಿಟ್ಟಿದ್ದಳು. ಅವಳು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಅತ್ತಳು.

ಉಳಿದಿದ್ದು ಕೊನೆಯ ಒಂದು ಅವಕಾಶ. ಕೆಲಸ ಹೇಗೆ ಮಾಡುತ್ತೇವೆ ಅಂತ ತೋರಿಸುವ ಒಂದು ವಿಡಿಯೋ ಕಳಿಸಿದರೆ ಕಂಪನಿಯ ಮನುಷ್ಯರೇ ನೋಡಿ ತೀರ್ಮಾನ ಹೇಳುತ್ತಾರಂತೆ. ಅದಕ್ಕೂ ಒಂದು ಗಡುವು. ಮನುಷ್ಯರು ನೋಡುತ್ತಾರೆ ಅಂದಾಗ ಸಾಬರ ಮುಖಕ್ಕೆ ಕಳೆ ಬಂತು. ಇಷ್ಟು ದಿನ ಅವರು ಕೇಳುತ್ತಿದ್ದುದೂ ಅದೇ ತಾನೆ.

“ಆದ್ರೆ ಹಗ್ಗ ಕಾಣ್ಬಾರ್ದು” ಅಂದ ಉದಯಕುಮಾರ್. “ಕಾಲು ಬಿಗಿದು ಕಟ್ಟಿರೋದು ಕಂಡ್ರೆ ಮುಗೀತು. ಎತ್ತು ಆರಾಮಾಗಿ ಇರ್ಬೇಕು.”

“ಹಗ್ಗ ಇಲ್ದೆ ಆಗಲ್ಲ ಸಾರ್” ಅಂದರು ಸಾಬರು.

“ಒಂದೇ ಒಂದು ಕಾಲಿಗೆ ಮಾಡಿ ತೋರ್ಸಿ ಸಾಕು. ಸಡಿಲವಾಗಿ ಒಂದು ಸುತ್ತು ಹಾಕಿ, ಮೇಲೆ ಗೋಣಿತಾಟು ಮುಚ್ಚಿ.”

ಸಾಬರು ಆಗಲ್ಲ ಅಂತ ತಲೆ ಆಡಿಸಿದರು. ತಹಸೀನ್ ಅವರ ಕೈ ಹಿಡಿದುಕೊಂಡು ಉರ್ದುವಿನಲ್ಲಿ ಏನೋ ಹೇಳಿದಳು. ನನಗೆ ಅರ್ಥವಾಗಿದ್ದು ‘ಒಂದೇ ಸಲ’ ಅನ್ನುವುದು ಮಾತ್ರ. ಸಾಬರು ಒಪ್ಪಿದರು.

ಬೆಳ್ಳಾವಿಯ ಅಡವಿಯಪ್ಪ ತನ್ನ ಎತ್ತು ಕೊಡಲು ಒಪ್ಪಿದ. ತೆಂಗಿನಕಾಯಿ ಗಾಡಿ ಕಟ್ಟುವ ಶಿವಭಕ್ತ ಅವನು. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಎಲೆ ಅಡಿಕೆ. ಅವನ ಜೋಡಿಗೆ ಚಿಕ್ಕಂದಿನಿಂದ ಲಾಳ ಹೊಡೆದವರು ಸಾಬರೇ. “ನಮ್ ಸಾಬ್ರು ಹಿಂಸೆ ಮಾಡ್ತಾರಂತಾ? ಯಾವನ್ಲಾ ಅವ್ನು ಹೇಳ್ದೋನು?” ಅಂತ ಅವನು ರೇಗಾಡಿದ್ದು ಕೇಳಿ ನನ್ನ ಜೀವಕ್ಕೆ ತಂಪಾಯಿತು.

ಆವತ್ತು ನಾನೂ ಅಂಗಡಿಗೆ ಬೀಗ ಹಾಕಿ ಹೋಗಿದ್ದೆ. ಸಾಬರು ಶುಕ್ರವಾರದ ನಮಾಜಿಗೆ ಹಾಕುವ ಬಿಳಿ ಜುಬ್ಬಾ ಹಾಕಿಕೊಂಡು ಬಂದಿದ್ದರು. ಎತ್ತನ್ನು ಕೆಡವುವ ತನಕ ತಹಸೀನ್ ಫೋನ್ ಎತ್ತಲಿಲ್ಲ. ಕೆಳಗೆ ಹುಲ್ಲು ಹಾಸಿದ್ದರು. ಕಾಲುಗಳಿಗೆ ಸಡಿಲವಾಗಿ ಒಂದು ಸುತ್ತು ಹಗ್ಗ, ಅದರ ಮೇಲೆ ಒಗೆದ ಗೋಣಿತಾಟು. ಅಡವಿಯಪ್ಪ ಎತ್ತಿನ ಕುತ್ತಿಗೆ ಸವರುತ್ತ ಕೂತ. ಅವಳು ಸನ್ನೆ ಮಾಡಿದಳು. ಸಾಬರು ಕ್ಯಾಮೆರಾ ನೋಡಿ ತಮ್ಮ ಹೆಸರು ಹೇಳಿದರು, ಊರು ಹೇಳಿದರು. “ಇದು ಹಿಂಸೆ ಅಲ್ಲ ಸ್ವಾಮಿ, ಇದು ಎತ್ತಿಗೆ ಚಪ್ಪಲಿ ಹಾಕಿದಂಗೆ” ಅಂದರು. ಚೆನ್ನಾಗಿ ಹೇಳಿದರು. ನಾನು ಬರೆದುಕೊಟ್ಟಿದ್ದಕ್ಕಿಂತ ಚೆನ್ನಾಗಿತ್ತು.

ಮೊದಲ ಮೊಳೆ ಸರಿಯಾಗಿ ಕೂತಿತು. ಎರಡನೆಯದೂ ಕೂತಿತು. ಮೂರನೆಯದಕ್ಕೆ ಸುತ್ತಿಗೆ ಎತ್ತಿದಾಗ ಅವರು ಒಂದು ಕ್ಷಣ ಫೋನಿನ ಕಡೆ ನೋಡಿದರು, ಮುಖದ ಮೇಲೆ ಒಂದು ನಗೆ ತಂದುಕೊಂಡರು. ಹಾಗೆ ನಗಬೇಕು ಅಂತ ಉದಯಕುಮಾರ್ ಹೇಳಿಕೊಟ್ಟಿದ್ದ. ಅಷ್ಟರಲ್ಲಿ ಎತ್ತು ಒದೆಯಿತು. ಸಡಿಲ ಹಗ್ಗ ಜಾರಿತು, ಗೋಣಿತಾಟು ಹಾರಿತು, ಹೊಡೆತ ಓರೆಯಾಗಿ ಬಿದ್ದು ಮೊಳೆ ಪೂರ್ತಿ ಒಳಕ್ಕೆ ಇಳಿಯಿತು. ಎತ್ತು ಕೂಗಿದ ಕೂಗು ನಾನು ಈವರೆಗೆ ಕೇಳಿಲ್ಲದ್ದು. ಗೊರಸಿನ ಸಂದಿನಿಂದ ಹುಲ್ಲಿನ ಮೇಲೆ ರಕ್ತ ಸುರಿಯಿತು.

ಸಾಬರು ಇಕ್ಕಳದಲ್ಲಿ ಮೊಳೆ ಕಿತ್ತರು, ಅರಿಸಿನ ಒತ್ತಿದರು, ತಮ್ಮ ಜುಬ್ಬಾದ ಅಂಚನ್ನೇ ಹರಿದು ಕಟ್ಟಿದರು. ಎಲ್ಲ ಸರಿಯಾಗಿಯೇ ಮಾಡಿದರು. ಆದರೆ ಎತ್ತಿಗೆ ಒಂದು ಮಾತೂ ಹೇಳಲಿಲ್ಲ.

ಗಡುವಿಗೆ ಇನ್ನೂ ಸಮಯವಿತ್ತು. ತಹಸೀನ್ ನನ್ನ ಅಂಗಡಿಯಲ್ಲೇ ಕೂತು ಆ ಕೊನೆಯ ಭಾಗ ಕತ್ತರಿಸಿ ತೆಗೆದಳು. ಉಳಿದದ್ದು ನೋಡಲು ಲಕ್ಷಣವಾಗಿತ್ತು. ಹುಲ್ಲು, ಬಿಳಿ ಜುಬ್ಬಾ, ನಗುವ ಮುದುಕ, ಅಲುಗಾಡದ ಎತ್ತು. ನೋಡಿದವರು ಒಪ್ಪಲೇಬೇಕು.

“ಕಳ್ಸಲಾ ಅಬ್ಬಾ?” ಅಂತ ಕೇಳಿದಳು.

“ಬ್ಯಾಡ.”

“ಸಾಬ್ರೇ, ಕಳಿಸಿದ್ರೆ ಚಾನೆಲ್ ಬರ್ತದೆ. ಒಂದು ಮೊಳೆ ತಪ್ಪಿದ್ದಕ್ಕೆ ಎಲ್ಲಾ ಕಳ್ಕೋತೀರಾ?” ಅಂತ ನಾನು ದನಿ ಏರಿಸಿದೆ.

“ಅವ್ರು ಬರೆದಾಗ ಅದು ಸುಳ್ಳಾಗಿತ್ತು ಮಂಜಮ್ಮ. ಸುಳ್ಳು ಅಂತ ಹೇಳಕ್ಕೆ ನಂಗೆ ಧೈರ್ಯ ಇತ್ತು. ಈಗ ಯಾವ ಬಾಯಲ್ಲಿ ಹೇಳ್ಲಿ?”

ನಾನು ಕೂಗಾಡಿದೆ, ಆಣೆ ಹಾಕಿದೆ. ತಹಸೀನ್ ಅಳುತ್ತ ಅವರ ಕಾಲ ಬಳಿ ಕೂತಳು. ಅವರು ಹೂಂ ಅನ್ನಲಿಲ್ಲ. ಅಪ್ಪನ ಮಾತು ಮೀರಿ ಅವಳು ಕಳಿಸಲಿಲ್ಲ. ಗಡುವು ಹೋಯಿತು. ಚಾನೆಲ್ ಈಗಲೂ ಇದೆ, ಜನ ಈಗಲೂ ನೋಡುತ್ತಾರೆ, ಒಂದು ಕಾಸೂ ಬರುವುದಿಲ್ಲ. ಸಾಬರು ಸತ್ಯಮಂಗಲದ ಫ್ಯಾಕ್ಟರಿಯ ಗೇಟಿನಲ್ಲಿ ನೀಲಿ ಅಂಗಿ ಹಾಕಿಕೊಂಡು ಕೂರುತ್ತಾರೆ.

ಹೋದ ತಿಂಗಳು ನಾನು ತುಮಕೂರಿಗೆ ಹೋಗಿದ್ದಾಗ ಅವರನ್ನು ನೋಡೋಣ ಅಂತ ಆ ಗೇಟಿನ ಹತ್ತಿರ ನಿಂತಿದ್ದೆ. ಅಡವಿಯಪ್ಪ ಬೈಕಿನಲ್ಲಿ ಬಂದ. ಗಾಯ ಮಾಗಿದೆ, ಆದರೆ ಎತ್ತು ಬರಿಗೊರಸಲ್ಲಿ ಗಾಡಿ ಎಳೆದು ಮತ್ತೆ ಕುಂಟುತ್ತಿದೆ, ಬಂದು ಲಾಳ ಹೊಡೆದುಕೊಡಿ ಅಂತ ಕೇಳಿದ.

“ಆವತ್ತಿಂದು ಮನ್ಸಲ್ಲಿ ಇಟ್ಕೋಬ್ಯಾಡಿ ಸಾಬ್ರೇ. ನಿಮ್ ಮೇಲೆ ನಂಗೇನೂ ಇಲ್ಲ. ಹಗ್ಗ ಎಷ್ಟಾದ್ರೂ ಬಿಗ್ದು ಕಟ್ಟಿ, ಯಾರ್ ನೋಡ್ತಾರೆ ಈಗ?”

ಸಾಬರು ತಮ್ಮ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡರು.

“ಬಿಗಿಯಕ್ಕೋದ್ರೆ ಹಿಂಸೆ ಅನ್ನಿಸ್ತದೆ ಕಣಪ್ಪ. ಸಡಿಲ ಬಿಡಕ್ಕೆ ಭಯ ಆಯ್ತದೆ. ನನ್ನ ಕೈಲಿ ಇನ್ನಾಗಲ್ಲ.”

“ಈ ಸೀಮೇಲಿ ಬೇರೆ ಯಾರವ್ರೆ ಹೇಳಿ. ನಾನು ಆ ಎತ್ತನ್ನ ಏನ್ ಮಾಡ್ಲಿ?”

ಸಾಬರು ಗೇಟಿನ ಕಡೆ ಮುಖ ತಿರುಗಿಸಿದರು.

“ಮಾರ್ಬುಡಪ್ಪ” ಅಂದರು.

ಕುಂಟುವ ಎತ್ತನ್ನು ಯಾರು ಕೊಳ್ಳುತ್ತಾರೆ, ಕೊಂಡು ಎಲ್ಲಿಗೆ ಸಾಗಿಸುತ್ತಾರೆ ಅನ್ನುವುದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ಅಡವಿಯಪ್ಪ ಬೈಕ್ ತಿರುಗಿಸಿಕೊಂಡ. ಒಳಗಿನಿಂದ ಒಂದು ಲಾರಿ ಹಾರ್ನ್ ಮಾಡಿತು, ಸಾಬರು ಎದ್ದು ಹೋಗಿ ಗೇಟು ತೆಗೆದರು.