ಚೀಟಿಯಲ್ಲಿ ಸತ್ತವರು

“ನಾನು ಸತ್ತಿದ್ದು ಯಾವಾಗ ಅಂತ ಇದ್ರಲ್ಲಿ ಬರ್ದೇ ಇಲ್ವಲ್ಲ?”

ಹಳೆಯ ಬುಟ್ಟಿಯೊಂದರ ಪಕ್ಕದ ಚೀಟಿ ಓದಿ ಹೆಂಗಸೊಬ್ಬರು ಇಂಗ್ಲಿಷಿನಲ್ಲಿ ಕೇಳಿದ್ದು ಇದನ್ನೇ. ಲಂಡನ್ನಿನ ಮ್ಯೂಸಿಯಂ ಒಂದರ ಪಾರ್ಕ್ ರಾಯಲ್ ಗೋದಾಮಿನಲ್ಲಿ ಪೆಟ್ಟಿಗೆ ಇಳಿಸುವ ಕೆಲಸ ನನ್ನದು. ಚೀಟಿಯಲ್ಲಿ ‘ಒಳನಾಡಿನ ಚುಮಾಶ್ ಮೂಲನಿವಾಸಿಗಳು, ಕ್ಯಾಲಿಫೋರ್ನಿಯಾ. ಅಳಿದುಹೋದ ಜನ, ಅಳಿದುಹೋದ ಭಾಷೆ’ ಎಂದಿತ್ತು. ಅಳಿದುಹೋದವರು ನೀಲಿ ಸ್ವೆಟರ್ ತೊಟ್ಟು, ವಿಮಾನ ಹತ್ತಿ, ಅಜ್ಜಿಯ ಊರಿನ ಬುಟ್ಟಿ ನೋಡಲು ಬಂದು ನಮ್ಮೆದುರೇ ನಿಂತಿದ್ದರು! ಪಾದ್ರಿಗಳ ಮಿಷನ್ ನುಂಗಿದ ಭಾಷೆಯನ್ನು ಯಾರೋ ಬರೆದಿಟ್ಟ ಹಳೆಯ ನೋಟುಪುಸ್ತಕಗಳಿಂದ ಕಲಿತೆ ಎಂದರು. ಬುಟ್ಟಿಯ ಕಡೆ ಬಾಗಿ ಆ ಭಾಷೆಯಲ್ಲೇ ನಾಲ್ಕು ಮಾತನಾಡಿದರು.

ನಮ್ಮ ಅಧಿಕಾರಿ ಕೆಮ್ಮಿ, ಅವರ ಕೈಗೊಂದು ಫಾರಂ ಕೊಟ್ಟ. “ಮುಟ್ಟೋದಾದ್ರೆ ತಜ್ಞರ ಪತ್ರ ತನ್ನಿ, ಮೇಡಂ.”

ವಾರದೊಳಗೆ ಮ್ಯೂಸಿಯಂನವರು ಚೀಟಿ ತಿದ್ದಿದರು: ‘ಬಹುತೇಕ ಅಳಿದುಹೋದ ಜನ.’ ನಾನು ಬಿದ್ದುಬಿದ್ದು ನಕ್ಕೆ. ಸಂಜೆ ಕ್ವೀನ್ಸ್‌ಬರಿಯ ಮನೆಯಲ್ಲಿ “ಉಂಬುಕ್ ಬಾ ಮಗಾ” ಎಂದು ನಮ್ಮ ಕುಂದಾಪ್ರ ಕನ್ನಡದಲ್ಲಿ ಮಗಳನ್ನು ಊಟಕ್ಕೆ ಕೂಗಿದೆ. ಮೇಲಿನಿಂದ “ಕಮಿಂಗ್, ಡ್ಯಾಡ್” ಎಂಬ ಉತ್ತರ ಬಂತು. ನಾಳೆ ನಮ್ಮ ಚೀಟಿಯಲ್ಲೂ ಒಂದು ‘ಬಹುತೇಕ’ ಸಿಕ್ಕರೆ ಪುಣ್ಯ.