ಕುರಿ, ನಾಯಿ, ಹಸು, ಕಂಬಳಿ

ಅಜ್ಜಂಪುರದ ನಮ್ಮಜ್ಜಿ ಯಾರನ್ನೂ ದಡ್ಡರು ಅನ್ನುತ್ತಿರಲಿಲ್ಲ. "ಅವನ ಬುದ್ಧಿ ಮೇಯಕ್ಕೆ ಹೋಗೈತೆ, ಬತ್ತದೆ ಬಿಡು" ಅನ್ನುತ್ತಿದ್ದಳು. ನಾನು ಮೇಷ್ಟ್ರಾಗಿ ಇಷ್ಟು ವರ್ಷವಾದರೂ ಅದಕ್ಕಿಂತ ಒಳ್ಳೆಯ ಮಾತು ಸಿಕ್ಕಿಲ್ಲ.

ಹೋದ ವರ್ಷ ಕಡೂರು ಕಡೆಯ ನಮ್ಮ ಶಾಲೆಗೆ, ಮನಶ್ಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದ ಯುವತಿಯೊಬ್ಬರು ಬುದ್ಧಿಮತ್ತೆ ಪರೀಕ್ಷೆಯ ಹಾಳೆಗಳ ಕಟ್ಟು ಹಿಡಿದು ಬಂದರು. ಏಳನೇ ತರಗತಿಯವರೆಲ್ಲ ಬರೆದರು. ವಾರ ಕಳೆದು ಫಲಿತಾಂಶ ಬಂತು: ಊರೊಳಗಿನ ಮಕ್ಕಳ ಸರಾಸರಿಗಿಂತ ಊರಾಚೆಯ ಕುರಿಗಾಹಿಗಳ ಹಟ್ಟಿಯ ಮಕ್ಕಳ ಸರಾಸರಿ ಕಡಿಮೆ.

ತರೀಕೆರೆಯಿಂದ ದಿನಾ ಬಸ್ಸಿನಲ್ಲಿ ಬರುವ ನಮ್ಮ ಗಣಿತದ ಮೇಷ್ಟ್ರು ಟೀ ಲೋಟ ಕೆಳಗಿಟ್ಟರು. "ನಾನ್ ಹೇಳ್ತಾನೇ ಇದ್ದೆ ಕಣ್ರೀ, ಹಟ್ಟಿ ಮಕ್ಳು ಅಷ್ಟೇ ಅಂತ. ಈಗ ಸೈನ್ಸೇ ಹೇಳ್ತು."

"ಸರಾಸರಿ ಹೇಳ್ತು ಸಾರ್. ಯಾಕೆ ಅಂತ ಇನ್ನೂ ಹೇಳಿಲ್ಲ," ಅಂದರು ಆಕೆ.

ಹೆಡ್‌ಮಾಸ್ತರಿಗೆ ಆ ಸರಾಸರಿಯೇ ಸಾಕಾಯಿತು. ನಾಳೆಯಿಂದ ಹಟ್ಟಿ ಮಕ್ಕಳಿಗೆಲ್ಲ ಆಟದ ಪೀರಿಯಡ್ಡಿನಲ್ಲಿ ಸ್ಪೆಷಲ್ ಕ್ಲಾಸ್ ಅಂತ ನೋಟೀಸು ಬರೆಸಿ, ಆಟ ಆಡಿಸುವ ತಮ್ಮ ಸೀಟಿಯನ್ನು ಮೊಳೆಗೆ ನೇತುಹಾಕಿದರು.

ಮರುಗಳಿಗೆಯೇ ನಮ್ಮ ಖೋ ಖೋ ತಂಡದ ಮುಖ್ಯ ಓಟಗಾರ್ತಿ ಬಾಗಿಲಲ್ಲಿ ನಿಂತಿದ್ದಳು. ಹಟ್ಟಿ ಹುಡುಗಿ. ತಾಲ್ಲೂಕು ಪಂದ್ಯಕ್ಕೆ ಮೂರೇ ವಾರ ಉಳಿದಿತ್ತು. "ಸಾರ್, ಖೋ ಖೋ ಒಂದ್ ಬಿಟ್ಟು ಏನ್ ಬೇಕಾದ್ರೂ ಕಿತ್ಕಳಿ. ಊಟದ ಬೆಲ್ಲು ಬೇಕಾದ್ರೂ ತಗಳಿ!"

ಆ ಮುಖ ನೋಡಿಕೊಂಡು ಸುಮ್ಮನಿರಲು ಆಗಲಿಲ್ಲ. ಹಾಳೆಗಳನ್ನು ಕೇಳಿ ಪಡೆದು ಹರಡಿಕೊಂಡು ಕೂತೆ. ಒಂದು ಪ್ರಶ್ನೆಯಲ್ಲಿ ಕುರಿ, ನಾಯಿ, ಹಸು, ಕಂಬಳಿ. ಗುಂಪಿಗೆ ಸೇರದ್ದು ಯಾವುದು? ಉತ್ತರ ಕಂಬಳಿ, ಉಳಿದವು ಪ್ರಾಣಿಗಳಲ್ಲವೇ. ಹಟ್ಟಿಯ ಮಕ್ಕಳೆಲ್ಲ, ಒಬ್ಬರೂ ಬಿಡದೆ, ಹಸುವಿಗೆ ಗುರುತು ಹಾಕಿದ್ದರು. ಬುದ್ಧಿ ಸಾಲದೆ ತಪ್ಪಿದ್ದರೆ ಒಬ್ಬೊಬ್ಬರದು ಒಂದೊಂದು ಥರ ಇರಬೇಕಿತ್ತಲ್ಲ!

ಹುಡುಗಿಯನ್ನು ಕೇಳಿದೆ. "ಕುರಿ ಮುಂದೆ, ನಾಯಿ ಹಿಂದೆ, ಕಂಬ್ಳಿ ತಾತನ್ ಹೆಗಲ್ ಮೇಲೆ. ಹಸೂಗೆ ಅಲ್ಲೇನ್ ಕೆಲ್ಸ ಸಾರ್?"

ಸಂಶೋಧಕಿ ನಕ್ಕು ಪುಸ್ತಕ ತೆಗೆದು ಬರೆದುಕೊಂಡರು. ಗಣಿತದವರು ಮಾತ್ರ ಸೋಲಲಿಲ್ಲ. "ಪರೀಕ್ಷೆ ಅಂದ್ಮೇಲೆ ಎಲ್ರಿಗೂ ಒಂದೇ ಕಣ್ರೀ."

"ಹಂಗಾದ್ರೆ ನೀವೂ ಒಂದ್ ಬರೀರಿ ಸಾರ್," ಅಂದ ಹುಡುಗಿ ಬೋರ್ಡಿನ ಮೇಲೆ ನಾಲ್ಕು ಕುರಿ ಬರೆದಳು. ಎರಡಕ್ಕೆ ಎಡಗಿವಿಯ ತುದಿ ಕತ್ತರಿಸಿತ್ತು, ಒಂದಕ್ಕೆ ಬಲಗಿವಿಯದು. ಚಿಕ್ಕದೊಂದಕ್ಕೆ ಎರಡೂ ಕಿವಿ ನೆಟ್ಟಗಿದ್ದವು. "ಗುಂಪಿಗೆ ಸೇರ್ದೇ ಇರೋದ್ಯಾವ್ದು?"

ನಾವು ಆರೂ ಜನ ಮೇಷ್ಟ್ರುಗಳು ಒಟ್ಟಾಗಿ ಚಿಕ್ಕದರತ್ತ ಬೆರಳು ತೋರಿಸಿದೆವು.

"ಅಯ್ಯೋ, ಅದು ನಮ್ದೇ ಮರಿ! ನಮ್ ಮನೆ ಗುರ್ತು ಎಡಗಿವಿ, ಅದಕ್ಕಿನ್ನೂ ಕೊಯ್ದಿಲ್ಲ ಅಷ್ಟೇ. ಬಲಗಿವಿದು ಪಕ್ಕದ್ ಮನೇದು, ತಪ್ಪಿಸ್ಕೊಂಡ್ ಬಂದ್ಬಿಟ್ಟೈತೆ." ಆಮೇಲೆ ಬಲು ಮರ್ಯಾದೆಯಿಂದ ಕೇಳಿದಳು: "ಸ್ಪೆಷಲ್ ಕ್ಲಾಸಿಗೆ ನೀವೂ ಬತ್ತೀರಾ ಸಾರ್?"

ಗಣಿತದವರೇ ಮೊದಲು ನಕ್ಕರು. "ಮೇಷ್ಟ್ರುಗಳ ಸರಾಸರಿ ಸೊನ್ನೆ, ಬರ್ಕೊಳಿ ಮೇಡಮ್!"

ಹಟ್ಟಿಯ ಮಕ್ಕಳ ಓದು ನಿಧಾನವೆನ್ನುವುದೂ ಸುಳ್ಳಲ್ಲ. ಕುರಿ ಹಿಂದೆ ಊರೂರು ಸುತ್ತುವಾಗ ತಿಂಗಳುಗಟ್ಟಲೆ ಶಾಲೆ ತಪ್ಪುತ್ತದೆ. ಅದನ್ನೂ ಸಂಶೋಧಕಿ ಹೇಳಿದರು, ನಾನೂ ಒಪ್ಪಿದೆ. ಹಾಗಾಗಿ ಊರಿನವರು, ಹಟ್ಟಿಯವರು ಅನ್ನದೆ, ಓದಲು ತಡವರಿಸುವವರಿಗೆಲ್ಲ ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಅರ್ಧ ಗಂಟೆ ಅಂತ ತೀರ್ಮಾನವಾಯಿತು. ತರೀಕೆರೆಯ ಮೊದಲ ಬಸ್ಸಿಗೇ ಏಳಬೇಕಲ್ಲ ಎಂದು ಗೊಣಗುತ್ತಲೇ ಗಣಿತದವರು ಒಂದು ದಿನವೂ ತಪ್ಪಿಸಲಿಲ್ಲ.

ಹೆಡ್‌ಮಾಸ್ತರು ಅಂದೇ, ಆ ತೀರ್ಮಾನವಾದ ಕೂಡಲೇ, ತಮ್ಮ ನೋಟೀಸು ಹರಿದರು. ಎದ್ದು ಹೋಗಿ ಮೊಳೆಯಿಂದ ಸೀಟಿ ತೆಗೆದರು. ಅವರು ಊದುವ ಮೊದಲೇ ಹುಡುಗಿ ಅಂಗಳ ದಾಟಿದ್ದಳು.