ಗಡಿಬಿಡಿಯವರ ಮಗಳ ಬೊಟಿಕ್

ಅವಳು ಹುಟ್ಟುವ ಹೊತ್ತಿಗಾಗಲೇ ಅಪ್ಪನ ನಿಜವಾದ ಹೆಸರು ಜನರಿಗೆ ಮರೆತುಹೋಗಿತ್ತು. ಯಾವುದೋ ಸಿನಿಮಾದಲ್ಲಿ ಹೋಟೆಲ್ ಮಾಣಿಯ ಪಾತ್ರ ಮಾಡಿದ್ದರು. ಎರಡು ಕೈಯಲ್ಲಿ ಹನ್ನೊಂದು ಲೋಟ ಹಿಡಿದು ಓಡಿ, ಒಂದು ಲೋಟವನ್ನೂ ಬೀಳಿಸದೆ ತಾವೊಬ್ಬರೇ ದಬಕ್ಕನೆ ಬಿದ್ದಿದ್ದರು. ಅವತ್ತಿನಿಂದ ಅವರಿಗೆ 'ಗಡಿಬಿಡಿ' ಅನ್ನುವ ಹೆಸರು ಅಂಟಿಕೊಂಡಿತು. ಪತ್ರ ಬರೆಯುವವರೂ ಲಕೋಟೆಯ ಮೇಲೆ 'ಗಡಿಬಿಡಿ, ಸಿನಿಮಾ ನಟರು' ಎಂದಷ್ಟೇ ಬರೆಯುತ್ತಿದ್ದರು, ಕಾಗದ ಮನೆಗೆ ಬಂದು ಬೀಳುತ್ತಿತ್ತು.

ಮಗಳಿಗೆ ಅಪ್ಪನ ಅಗಲ ಬಾಯಿ, ನಿಗುರಿದ ಕಿವಿ ಎರಡೂ ಬಂದಿದ್ದವು. ಶಾಲೆಯಲ್ಲಿ ಹಾಜರಿ ಕೂಗಿದಾಗ ಅವಳು ಎದ್ದು ನಿಂತರೆ ಸಾಕು, ತರಗತಿಯೇ ಬಿದ್ದು ಬಿದ್ದು ನಗುತ್ತಿತ್ತು. ಒಬ್ಬ ಮೇಷ್ಟರಂತೂ ಅವಳ ಕಡೆ ಬೆನ್ನು ಹಾಕಿಯೇ ಪಾಠ ಮಾಡುತ್ತಿದ್ದರು. ನೋಡಿದರೆ ನಗು ತಡೆಯಲಾಗುತ್ತಿರಲಿಲ್ಲವಂತೆ. ಎಲ್ಲರ ಬಾಯಲ್ಲೂ ಅವಳು 'ಮರಿಗಡಿಬಿಡಿ.' ಮನೆಗೆ ಬಂದು ಅತ್ತರೆ ಅಮ್ಮ, "ನಗೋರು ನಗಲಿ ಬಿಡೇ, ನಿಮ್ಮಪ್ಪನಿಂದ ಅಭ್ಯಾಸ ಆಗಿದೆ ಅವರಿಗೆ" ಅನ್ನುತ್ತಿದ್ದಳು. ಅದರಿಂದ ಸಮಾಧಾನವೇನೂ ಆಗುತ್ತಿರಲಿಲ್ಲ. ಜನ ತನ್ನ ಮುಖ ಬಿಟ್ಟು ತನ್ನ ಕೈಕೆಲಸ ನೋಡುವಂಥ ಉದ್ಯೋಗ ಹಿಡಿಯಬೇಕು ಎಂದು ಅವಳು ಆಗಲೇ ಹಟ ತೊಟ್ಟಳು.

ಬಟ್ಟೆಯ ಹುಚ್ಚು ಮೊದಲಿನಿಂದಲೂ ಇತ್ತು. ಎರಡು ವರ್ಷ ವಿನ್ಯಾಸದ ತರಗತಿಗೆ ಹೋದಳು. ಇಪ್ಪತ್ತಾರನೆಯ ವಯಸ್ಸಿಗೆ, ಕನ್ನಡಕದ ಅಂಗಡಿಗೂ ಗಡಿಯಾರ ರಿಪೇರಿಯವನಿಗೂ ನಡುವೆ ಒಂದು ಮಳಿಗೆ ಹಿಡಿದು ಹೆಂಗಸರ ಬೊಟಿಕ್ ತೆರೆದಳು. ಮುಂದೆ ಗಾಜು, ಗಾಜಿನ ಹಿಂದೆ ಎರಡು ಬೊಂಬೆ, ಒಳಗೆ ಪರದೆ ಎಳೆದ ಟ್ರಯಲ್ ರೂಮು, ಹಿಂಬದಿಯಲ್ಲಿ ಎರಡು ಮಿಷನ್ನು.

ಆರಂಭದ ದಿನ ಟೇಪು ಕತ್ತರಿಸಲು ಅಪ್ಪ ಬಂದರು. ರಸ್ತೆ ತುಂಬ ಜನ. ಅಪ್ಪ ಟೇಪಿನ ಬದಲು ತಮ್ಮ ಟೈಯನ್ನೇ ಕತ್ತರಿಗೆ ಸಿಕ್ಕಿಸಿಕೊಂಡು ಒದ್ದಾಡಿದ ಹಾಗೆ ಮಾಡಿದರು. ಜನ ಹೋ ಎಂದು ನುಗ್ಗಿದರು. ಆ ನೂಕುನುಗ್ಗಲಿನಲ್ಲಿ ಒಂದು ಬೊಂಬೆ ವಾಲಿತು. ಅಪ್ಪ ಅದನ್ನು ಸೊಂಟ ಹಿಡಿದು ತಡೆದು, ಕ್ಯಾಮೆರಾಗಳ ಮುಂದೆ ಅದರ ಜೊತೆ ಒಂದು ಸುತ್ತು ಕುಣಿದೇಬಿಟ್ಟರು. ಬೊಂಬೆಯ ತೋಳು ಕಳಚಿ ಅವರ ಕೈಗೆ ಬಂತು. ಅದನ್ನೇ ಹಿಡಿದು ಜನರಿಗೆ ಟಾಟಾ ಮಾಡಿದರು. ಅವಳು ತಿಂಗಳುಗಟ್ಟಲೆ ಕೂತು ಹೊಲಿಸಿದ ಉಡುಪುಗಳನ್ನು ಒಬ್ಬರೂ ತಿರುಗಿ ನೋಡಲಿಲ್ಲ. ಮರುದಿನ ಪತ್ರಿಕೆಯಲ್ಲಿ ಅಪ್ಪ ಮತ್ತು ಬೊಂಬೆಯ ದೊಡ್ಡ ಚಿತ್ರ ಬಂತು. ಅಂಗಡಿಯ ಹೆಸರು ಮಾತ್ರ ತಪ್ಪಾಗಿ ಅಚ್ಚಾಗಿತ್ತು.

ಪತ್ರಿಕೆಯನ್ನು ಊಟದ ಮೇಜಿನ ಮೇಲೆ ಕುಕ್ಕಿ ಅವಳು ಹೇಳಿದಳು: "ಅಪ್ಪಾ, ಇನ್ಮೇಲೆ ನೀನು ಅಂಗಡಿ ಕಡೆ ತಲೆ ಹಾಕ್ಬೇಡ."

ಅಪ್ಪ ಬಾಯಲ್ಲಿದ್ದ ತುತ್ತು ನುಂಗಿ, "ಆಯ್ತು ಮಗಳೇ" ಅಂದರು. ನಾಲ್ಕು ವರ್ಷ ಆ ಬೀದಿಗೆ ಕಾಲಿಡಲಿಲ್ಲ.

ಅಪ್ಪ ಬರದಿದ್ದರೂ ಅಪ್ಪನ ಹೆಸರಿಗೆ ಗಿರಾಕಿಗಳು ಬಂದರು. ಬಂದವರು ಎರಡನೆಯ ಸಲ ಬರಲಿಲ್ಲ. ಇದು ಯಾಕೆ ಎಂದು ಅವಳಿಗೆ ತಿಳಿದದ್ದು ಹೆಡ್ ಮೇಡಂ ಒಬ್ಬರಿಂದ. ಅವರು ಶಾಲೆಯಿಂದ ನಿವೃತ್ತರಾಗುವ ದಿನಕ್ಕೆಂದು ಒಂದು ಉದ್ದನೆಯ ಗೌನು ಹೊಲಿಸಿದ್ದರು. ಸಮಾರಂಭ ಮುಗಿದ ಮೇಲೆ ಅದನ್ನು ನೀಟಾಗಿ ಮಡಚಿ ತಂದು ಕೌಂಟರಿನ ಮೇಲಿಟ್ಟರು.

"ನೋಡಮ್ಮಾ, ಬಣ್ಣ ಚೆನ್ನಾಗಿದೆ, ಕಸೂತಿ ಚೆನ್ನಾಗಿದೆ. ಆದ್ರೆ ಹಾರ ಇಸ್ಕೊಳ್ಳೋಕೆ ಕೈ ಮುಂದೆ ಮಾಡಿದ್ರೆ ಇಡೀ ಬಟ್ಟೆ ಮೇಲಕ್ಕೆ ಬಂತು. ಮೂವತ್ತೆರಡು ವರ್ಷ ಮಕ್ಕಳ ಮುಂದೆ ನೆಟ್ಟಗೆ ನಿಂತೋಳು ನಾನು. ಅವತ್ತು ಒಂದು ಗಂಟೆ ಕೈ ಕಟ್ಕೊಂಡು ಕೂತಿದ್ದೆ. ನಿಂಗೆ ಚಿತ್ರ ಬಿಡಿಸೋಕೆ ಬರುತ್ತೆ. ಕತ್ತರಿಸೋಕೆ ಬರಲ್ಲ. ಕಲ್ತ್ಕೋ."

ದನಿ ಎತ್ತಲಿಲ್ಲ, ಬೈಯಲಿಲ್ಲ. ಅವರು ಹೋದ ಮೇಲೆ ಅವಳು ಟ್ರಯಲ್ ರೂಮಿನ ಸ್ಟೂಲಿನ ಮೇಲೆ ಕೂತು ಹೊಟ್ಟೆ ತುಂಬ ಅತ್ತಳು. ಅತ್ತು ಮುಗಿದ ಮೇಲೆ ಡ್ರೆಸ್ಸಕ್ಕನ ನೆನಪಾಯಿತು.

ಡ್ರೆಸ್ಸಕ್ಕ ಸ್ಟುಡಿಯೋದ ದರ್ಜಿ. ಮೂವತ್ತು ವರ್ಷ ಅಪ್ಪನ ಎಲ್ಲ ಪಾತ್ರಗಳಿಗೂ ಬಟ್ಟೆ ಹೊಲಿದವರು ಅವರೇ. ಪರದೆಯ ಮೇಲೆ ಅವರ ಹೆಸರು ಯಾವತ್ತೂ ಬಂದಿರಲಿಲ್ಲ. ನಾಲ್ಕನೆಯ ಮಹಡಿಯಲ್ಲಿದ್ದ ಅವರ ಎರಡು ಕೋಣೆಯ ಮನೆಗೆ ಅವಳು ಗೌನು ಹಿಡಿದು ಹೋದಳು. ಬಾಗಿಲು ತೆರೆದವರೇ ಅವಳನ್ನು ಮೇಲಿಂದ ಕೆಳಗೆ ನೋಡಿ, "ಬಾರೇ ಕಿವಿಪುಟ್ಟಿ" ಅಂದರು. ಚಿಕ್ಕಂದಿನಲ್ಲಿ ಹಾಗೆಯೇ ಕರೆಯುತ್ತಿದ್ದರು. ಅವಳು ಗೌನನ್ನು ಮುಂದಿಟ್ಟಳು. ಅಕ್ಕ ಅದರ ಕಂಕುಳಿಗೆ ಕೈ ಹಾಕಿ ಒಳಬದಿ ಹೊರಗೆ ತಿರುಗಿಸಿ, "ಅಯ್ಯೋ ಶಿವನೇ" ಅಂದರು. ಆಮೇಲೆ ಮಂಚದ ಕೆಳಗಿಂದ ಒಂದು ಕಬ್ಬಿಣದ ಟ್ರಂಕು ಎಳೆದರು.

ಟ್ರಂಕಿನ ತುಂಬ ಅಪ್ಪನ ಕೋಟುಗಳು. ಒಂದರ ತೋಳು ಗಿಡ್ಡ. ಇನ್ನೊಂದರ ಬೆನ್ನು ಉಬ್ಬಿದೆ. ಮತ್ತೊಂದರ ಕಾಲರು ಕುತ್ತಿಗೆಯಿಂದ ನಾಲ್ಕು ಬೆರಳು ದೂರ.

"ಇವೆಲ್ಲ ತಪ್ಪಾಗಿ ಹೊಲಿದವಾ ಅಕ್ಕಾ?"

"ತಪ್ಪಾಗಿ ಅಲ್ಲ ಕಣೇ, ಬೇಕಂತಲೇ ತಪ್ಪು ಮಾಡಿ ಹೊಲಿದವು. ಯಾವ ಜಾಗದಲ್ಲಿ ಒಂದಿಂಚು ಕೆಟ್ರೆ ಜನ ನಗ್ತಾರೆ, ಯಾವ ಜಾಗದಲ್ಲಿ ಕೆಟ್ರೆ ಪಾಪ ಅಂತಾರೆ, ಎಲ್ಲ ಲೆಕ್ಕ ಇದೆ ಇದರಲ್ಲಿ. ನಿಮ್ಮಪ್ಪ ಒಂದೊಂದು ಕೋಟಿಗೂ ಮೂರು ಮೂರು ಗಂಟೆ ನಿಲ್ಲೋರು. 'ಅಕ್ಕಾ, ಇನ್ನೂ ಸ್ವಲ್ಪ ಚೆನ್ನಾಗೇ ಕಾಣ್ತಿದೆ, ಇನ್ನೊಂಚೂರು ಕೆಡ್ಸಿ' ಅನ್ನೋರು. ಅವರ ಭುಜ ಎಷ್ಟು ಲಕ್ಷಣವಾಗಿದೆ ಗೊತ್ತಾ ನಿಂಗೆ? ನಾಯಕ ನಟರಿಗೂ ಅಂಥ ಭುಜ ಇರ್ಲಿಲ್ಲ. ಅದನ್ನ ಮುಚ್ಚಿಡೋದೇ ನನ್ನ ಕೆಲಸ ಆಗಿತ್ತು."

ಅಪ್ಪನ ಭುಜ ಹೇಗಿದೆ ಎಂದು ಅವಳು ಯಾವತ್ತೂ ನೋಡಿರಲಿಲ್ಲ. ಮನೆಯಲ್ಲೂ ಅವರು ಭುಜ ಇಳಿಬಿಟ್ಟುಕೊಂಡೇ ಓಡಾಡುತ್ತಿದ್ದರು.

ಮರುದಿನದಿಂದ ಬೆಳಿಗ್ಗೆ ಏಳಕ್ಕೆ ಪಾಠ ಶುರುವಾಯಿತು. ಅಕ್ಕ ಮೊದಲು ಅವಳಿಂದ ಕೆಟ್ಟ ಕೋಟುಗಳನ್ನೇ ಹೊಲಿಸಿದರು. ಹೊಲಿದದ್ದನ್ನು ಬಾಗಿಲಿನ ಹಿಂದಿನ ಮೊಳೆಗೆ ತೂಗುಹಾಕಿ ಪ್ರಶ್ನೆ ಕೇಳುವರು.

"ಇದನ್ನ ಹಾಕ್ಕೊಂಡೋನು ಹೇಗೆ ಕಾಣ್ತಾನೆ?"

"ಮೇಲಧಿಕಾರಿ ಹತ್ರ ಬೈಸ್ಕೊಂಡು ಬಂದೋನ ಹಾಗೆ."

"ಯಾಕೆ?"

"ಕಾಲರು ಹಿಂದಕ್ಕೆ ಜಗ್ಗಿದೆ."

"ಎಲ್ಲಿಂದ ಜಗ್ತು?"

ಅದನ್ನು ಹೇಳಲು ಅವಳಿಗೆ ಬರುತ್ತಿರಲಿಲ್ಲ. ಬಿಚ್ಚು, ಮತ್ತೆ ಹೊಲಿ. ಮತ್ತೆ ಬಿಚ್ಚು. ಮೂರು ತಿಂಗಳಿಗೆ ಎಲ್ಲಿಂದ ಜಗ್ಗುತ್ತದೆ ಎಂದು ಕಣ್ಣಿಗೆ ಹೊಳೆಯತೊಡಗಿತು. ಆರು ತಿಂಗಳಿಗೆ ಅದನ್ನು ಸರಿಮಾಡುವುದು ಬೆರಳಿಗೆ ಬಂತು. ಒಂದು ದಿನ ಅವಳು ಹೊಲಿದ ತೋಳನ್ನು ಅಕ್ಕ ಎಷ್ಟು ಹೊತ್ತು ತಿರುಗಿಸಿ ನೋಡಿದರೂ ಬಿಚ್ಚು ಅನ್ನಲಿಲ್ಲ. ಎದ್ದು ಹೋಗಿ ಎರಡು ಲೋಟ ಟೀ ಮಾಡಿ ತಂದರು. ಅದೇ ಅವಳಿಗೆ ಸಿಕ್ಕ ಸರ್ಟಿಫಿಕೇಟು. ಆ ವರ್ಷವೇ ಅಂಗಡಿಯ ಹಿಂಬದಿ ಕೋಣೆಯಲ್ಲಿ ಕಿಟಕಿಯ ಪಕ್ಕ ಮೂರನೆಯ ಮಿಷನ್ನು ಹಾಕಿಸಿ, ಅಕ್ಕನನ್ನು ಕೈಹಿಡಿದು ಕರೆತಂದು ಕೂರಿಸಿದಳು.

ಗಿರಾಕಿಗಳು ನಿಧಾನವಾಗಿ ತಿರುಗಿ ಬಂದರು. ಒಂದು ಭುಜ ಕೆಳಗಿದ್ದ ಪಿಟೀಲು ಟೀಚರು, ಆರಡಿ ಎತ್ತರವನ್ನು ಬಾಗಿ ಮುಚ್ಚಿಕೊಳ್ಳುತ್ತಿದ್ದ ಬ್ಯಾಂಕಿನವಳು, ಆಪರೇಷನ್ ಆದ ಮೇಲೆ ಕನ್ನಡಿಯನ್ನೇ ಬಿಟ್ಟಿದ್ದ ಒಬ್ಬ ನರ್ಸು. ಪರದೆ ಸರಿಸಿ ಅವಳು ಟೇಪು ಹಿಡಿದು ಒಳಗೆ ಹೋದರೆ ಅವರ ಮುಖದಲ್ಲಿ ನಗು ಉಕ್ಕುತ್ತಿತ್ತು. ಅದೇ ಅಗಲ ಬಾಯಿ, ಅದೇ ಕಿವಿ. ಮೊದಮೊದಲು ಅವಳು ಮುಖ ಗಂಟಿಕ್ಕುತ್ತಿದ್ದಳು. ಆಮೇಲೆ ಒಂದು ವಿಷಯ ಗಮನಕ್ಕೆ ಬಂತು: ನಕ್ಕ ಹೆಂಗಸು ಎದೆಗೆ ಅಡ್ಡ ಹಿಡಿದಿದ್ದ ಕೈ ಇಳಿಸುತ್ತಾಳೆ, ಅಳತೆ ಸಲೀಸಾಗಿ ಕೊಡುತ್ತಾಳೆ.

ಆ ನರ್ಸು ಒಂದು ಸಲ ತೋಳೆತ್ತಿ ನಿಂತವಳೇ ಹೇಳಿದಳು: "ಬೇಜಾರು ಮಾಡ್ಕೋಬೇಡಿ ಮೇಡಂ, ನಿಮ್ಮನ್ನ ನೋಡಿ ನಗ್ತಿಲ್ಲ. ನಮ್ಮ ವಾರ್ಡಲ್ಲಿ ಮಲಗಿರೋರಿಗೆ ನಿಮ್ಮಪ್ಪನ ಸಿನಿಮಾ ಹಾಕ್ತೀವಿ. ಮಾತ್ರೆ ನುಂಗಲ್ಲ ಅಂತ ಜಗಳ ಆಡೋರೂ ನಕ್ಕೊಂಡು ನುಂಗ್ತಾರೆ. ನಾನು ಹಾಸಿಗೆ ಹಿಡಿದಾಗ ನಂಗೂ ಅದೇ ಹಾಕಿದ್ರು. ಅವರಿಗೆ ಒಂದು ನಮಸ್ಕಾರ ಹೇಳ್ಬಿಡಿ."

ಅವಳು ಚೀಟಿಯಲ್ಲಿ ಅಳತೆಯನ್ನು ಎರಡು ಸಲ ತಪ್ಪಾಗಿ ಬರೆದುಕೊಂಡಳು. ಅವತ್ತು ಮನೆಗೆ ಹೋಗಿ ಆ ನಮಸ್ಕಾರವನ್ನು ಅಪ್ಪನಿಗೆ ತಲುಪಿಸಬೇಕೆಂದುಕೊಂಡಳು. ಬಾಯಿ ಬರಲಿಲ್ಲ. ಅಂಗಡಿಯ ಮಾತನ್ನು ಆ ಮನೆಯಲ್ಲಿ ನಾಲ್ಕು ವರ್ಷದಿಂದ ಯಾರೂ ಎತ್ತಿರಲಿಲ್ಲ.

ಅವಳ ಪುಣ್ಯಕ್ಕೆ ಅಪ್ಪನೇ ಮೊದಲು ಮಾತು ತೆಗೆದರು. ಒಂದು ಮಧ್ಯಾಹ್ನ ಅಂಗಡಿಯ ಫೋನು ರಿಂಗಾಯಿತು.

"ಮೇಡಂ, ಗಂಡಸರಿಗೂ ಹೊಲೀತೀರಾ?"

ದನಿ ಕೇಳಿದ್ದೇ ಅಪ್ಪನೆಂದು ಅವಳಿಗೆ ತಿಳಿಯಿತು. "ಯಾಕೆ ಸಾರ್?"

"ನಂಗೆ ಅದೇನೋ ಜೀವಮಾನದ ಪ್ರಶಸ್ತಿ ಕೊಡ್ತಾರಂತೆ. ಬೀರು ತೆಗ್ದು ನೋಡಿದ್ರೆ ನೆಟ್ಟಗಿರೋ ಕೋಟು ಒಂದೂ ಇಲ್ಲ."

"ಬನ್ನಿ ಸಾರ್" ಅಂದಳು.

ಅಪ್ಪ ಟೋಪಿ, ಮಫ್ಲರು, ಕಪ್ಪು ಕನ್ನಡಕ ಹಾಕಿಕೊಂಡು ಹಿಂಬಾಗಿಲಿನಿಂದ ಬಂದರು. ಜನ ಸೇರಬಾರದು ಎಂದು ಅಷ್ಟೆಲ್ಲ ವೇಷ. ಅವಳು ಸ್ಟೂಲು ಹತ್ತಿ ಅವರ ಬೆನ್ನಿಗೆ ಟೇಪು ಹಿಡಿದಳು. ಡ್ರೆಸ್ಸಕ್ಕ ಹೇಳಿದ್ದು ನಿಜ. ಅರವತ್ತೆಂಟಾದರೂ ಭುಜ ಅಳತೆಗೋಲು ಇಟ್ಟ ಹಾಗಿತ್ತು.

"ನೆಟ್ಟಗೆ ನಿಂತ್ಕೋ ಅಪ್ಪಾ."

"ಹೇಗೆ ಅಂತ ಮರ್ತುಹೋಗಿದೆ ಕಣೇ" ಅಂದರು ಅಪ್ಪ. ತಮಾಷೆಗೆ ಹೇಳಲಿಲ್ಲ. ಅವಳು ಎರಡೂ ಕೈಯಿಂದ ಭುಜ ಹಿಡಿದು ಮೆಲ್ಲನೆ ಹಿಂದಕ್ಕೆ ತಂದಳು. ಕನ್ನಡಿಯಲ್ಲಿ ಅಪ್ಪ ಎರಡಿಂಚು ಎತ್ತರವಾದರು.

"ಅಪ್ಪಾ, ಅವತ್ತು ಬರಬೇಡ ಅಂದ್ಬಿಟ್ಟೆ..."

"ಸರಿಯಾಗೇ ಅಂದೆ. ನಂಗೆ ಹೆದರಿಕೆ ಆಗಿತ್ತು ಪುಟ್ಟಿ. ಅಷ್ಟು ಜನ ಸೇರಿ ಒಂದು ನಿಮಿಷ ಸುಮ್ನೆ ನಿಂತ್ರೂ ನಂಗೆ ತಡ್ಕೊಳೋಕಾಗಲ್ಲ, ನಗಿಸ್ಲೇಬೇಕು. ನಿನ್ನ ದಿನ ಅನ್ನೋದೇ ಮರ್ತೆ. ಆ ಬೊಂಬೆ ಕೈ ರಿಪೇರಿ ಆಯ್ತಾ?"

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಆಗ ಆ ನರ್ಸಿನ ನಮಸ್ಕಾರ ಹೇಳಿದಳು. ಮಾತ್ರೆಯ ವಿಷಯವನ್ನೂ ಹೇಳಿದಳು. ಅಪ್ಪ ಮಫ್ಲರಿನ ತುದಿಯಿಂದ ಕನ್ನಡಕ ಒರೆಸಿದರು.

ಕೋಟನ್ನು ಅವಳೇ ಕತ್ತರಿಸಿದಳು, ಅವಳೇ ಹೊಲಿದಳು. ಅಕ್ಕ ಕಿಟಕಿಯ ಪಕ್ಕ ಕೂತು ಜಪ್ಪಯ್ಯ ಅಂದರೂ ಕೈ ಹಚ್ಚಲಿಲ್ಲ. ಕಡುನೀಲಿ ಬಣ್ಣ, ಎರಡು ಗುಂಡಿ, ಬೆನ್ನಿನಲ್ಲಿ ಒಂದೂ ಸುಕ್ಕಿಲ್ಲ.

ಸಮಾರಂಭದ ಸಂಜೆ ಅಮ್ಮ, ಅವಳು, ಡ್ರೆಸ್ಸಕ್ಕ ಮೂವರೂ ಎರಡನೆಯ ಸಾಲಿನಲ್ಲಿ ಕೂತಿದ್ದರು. ಅಪ್ಪ ವೇದಿಕೆಗೆ ನಡೆದು ಬಂದಾಗ ಸಭೆಗೆ ಅವರ ಗುರುತೇ ಹತ್ತಲಿಲ್ಲ. ಯಾರೋ ಮಂತ್ರಿಗಳು ಬಂದರೆಂದು ಹಿಂದಿನ ಸಾಲಿನಲ್ಲಿ ಒಬ್ಬಿಬ್ಬರು ಎದ್ದೂ ನಿಂತರು. ಅಪ್ಪ ಮೈಕಿನ ಮುಂದೆ ನಿಂತು, ತಾವು ಹೆದರುತ್ತಿದ್ದ ಆ ಮೌನವನ್ನು ಹಾಗೇ ಇರಗೊಟ್ಟರು. ಆಮೇಲೆ ಸಭೆಗೆ ಬೆನ್ನು ತಿರುಗಿಸಿದರು.

"ನೋಡಿ, ಒಂದು ಸುಕ್ಕಿದ್ರೆ ಹೇಳಿ" ಅಂದರು. "ನನ್ನ ಮಗಳು ಹೊಲ್ದಿದ್ದು. ಅವಳಿಗೆ ಕಲಿಸ್ದೋರು ಅಲ್ಲಿ ಕೂತಿದ್ದಾರೆ. ಮೂವತ್ತು ವರ್ಷ ನೀವು ನಕ್ಕಿದ್ರಲ್ಲಿ ಅರ್ಧ ನಗು ಅವರ ಸೂಜಿಗೆ ಸೇರಿದ್ದು." ಡ್ರೆಸ್ಸಕ್ಕನ ಪೂರ್ತಿ ಹೆಸರು ಹೇಳಿ ಕೈಮುಗಿದರು. ಸಭೆಗೆ ಸಭೆಯೇ ಎದ್ದು ಚಪ್ಪಾಳೆ ಹೊಡೆಯಿತು. ಅವಳು ಅಕ್ಕನ ಕೈ ಹಿಡಿದುಕೊಂಡಳು. ಸೂಜಿ ಚುಚ್ಚಿ ಚುಚ್ಚಿ ದಪ್ಪಗಾದ ಆ ಬೆರಳುಗಳು ತಣ್ಣಗಿದ್ದವು. ಇಷ್ಟೆಲ್ಲ ತನಗೆ ಎಲ್ಲಿಂದ ಬಂತು ಎಂದು ಅವಳು ಒಂದೊಂದಾಗಿ ನೆನೆಯುತ್ತಿದ್ದಳು. ಕಲ್ತ್ಕೋ ಎಂದು ಮುಖಕ್ಕೇ ಹೇಳಿದ ಹೆಡ್ ಮೇಡಂ, ಟ್ರಂಕು ಎಳೆದ ಅಕ್ಕ, ಫೋನು ಮಾಡಿದ ಅಪ್ಪ. ಕಣ್ಣು ಮಂಜಾಗಿ ವೇದಿಕೆ ಕಾಣಿಸಲಿಲ್ಲ.

ಅಕ್ಕ ಅವಳ ಕಿವಿಗೆ ಬಾಗಿ ಪಿಸುಗುಟ್ಟಿದರು: "ಕೈ ಮುಗಿದಾಗ ನೋಡ್ದೆ. ಎಡಗಡೆ ತೋಳು ಕೂದಲೆಳೆ ಉದ್ದ ಆಗಿದೆ ಕಣೇ."

"ಯಾರಿಗೂ ಕಾಣಲ್ಲ ಅಕ್ಕಾ."

"ನಂಗೆ ಕಾಣ್ತಲ್ಲ."

ಮರುದಿನ ಬೆಳಿಗ್ಗೆ ಅಪ್ಪನೇ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ತಂದುಕೊಟ್ಟರು. ಈ ಸಲ ಬಂದದ್ದು ಮುಂಬಾಗಿಲಿನಿಂದ, ಮಫ್ಲರಿಲ್ಲದೆ. ಗಡಿಯಾರ ರಿಪೇರಿಯವನು ಕೆಲಸ ಬಿಟ್ಟು ಇಣುಕಿದ. ಅಪ್ಪ ಅವನಿಗೆ ಕೈಯೆತ್ತಿ, ಒಂದು ಕುರ್ಚಿ ಎಳೆದುಕೊಂಡು ಸುಮ್ಮನೆ ಕೂತರು. ಕಿಟಕಿಯ ಬೆಳಕಿಗೆ ಕೋಟು ಹರಡಿ, ಅಕ್ಕ ಸಣ್ಣ ಕತ್ತರಿಯಿಂದ ಎಡತೋಳಿನ ಹೊಲಿಗೆ ಬಿಚ್ಚತೊಡಗಿದರು. ಅವಳು ಪಕ್ಕದಲ್ಲಿ ಕೂತು, ಬಿಚ್ಚಿದ ನೂಲಿನ ಚೂರುಗಳನ್ನು ಒಂದೊಂದೇ ಆರಿಸುತ್ತ ಹೋದಳು.